ಕೋಳೀಕೆ ರಂಗನಿಂದ ನಂದಿನಿಯವರೆಗೆ: ಅಣಕು ರ‍್ಯಾಪ್ ಎಂಬ ಕಸುಬು

ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ಪಕ್ಕದಲ್ಲಿ ಗೆಳೆಯರಿದ್ದರೆ ಮೇಜಿನ ಮೇಲೆ ತಾಳ ಹಾಕಲು ಹೇಳಿ. ನಾಲಗೆಗೆ ಏನೋ ಒಂದು ಸುಖ ಸಿಗುತ್ತದೆ, ಅಲ್ಲವೇ? ಆ ಸುಖಕ್ಕೆ ಒಂದು ಲೆಕ್ಕವಿದೆ. ಹೈಸ್ಕೂಲಿನ ವ್ಯಾಕರಣದಲ್ಲಿ ಕಲಿತ ಲಘು ಗುರುಗಳನ್ನು ನೆನಪಿಸಿಕೊಳ್ಳಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ಕಡೂರು’ ಎಂದರೆ ಲಘು, ಗುರು, ಲಘು: 4 ಮಾತ್ರೆ. ‘ತರೀಕೆರೆ’ ಎಂದರೆ ಲಘು, ಗುರು, ಲಘು, ಲಘು: 5 ಮಾತ್ರೆ. ‘ಅಜ್ಜಂಪುರ’ದಲ್ಲಿ ಎರಡು ಗುರು, ಎರಡು ಲಘು: 6 ಮಾತ್ರೆ. ನಾಲ್ಕು, ಐದು, ಆರು. ಮೆಟ್ಟಿಲು ಹತ್ತಿದ ಹಾಗೆ. ಒಟ್ಟು 15.

ಈಗ ರ‍್ಯಾಪ್ ಹಾಡಿನ ಲೆಕ್ಕ ನೋಡೋಣ. ಅಲ್ಲಿ ಒಂದು ಆವರ್ತಕ್ಕೆ ಸಾಮಾನ್ಯವಾಗಿ 4 ಪೆಟ್ಟು. ಪ್ರತಿ ಪೆಟ್ಟನ್ನು ನಾಲ್ಕು ಭಾಗ ಮಾಡಿದರೆ 16 ಮನೆಗಳು. ಮಾತ್ರೆಗೊಂದು ಮನೆ ಎಂದು ಇಟ್ಟುಕೊಂಡರೆ ನಮ್ಮ ಮೂರು ಊರುಗಳು 15 ಮನೆಗಳಲ್ಲಿ ಕೂರುತ್ತವೆ. ಉಳಿದ ಒಂದು ಮನೆ ಉಸಿರು ಎಳೆದುಕೊಳ್ಳಲು. ಯಾವ ಕವಿಯೂ ಕೂತು ಹೀಗೆ ಜೋಡಿಸಿದ್ದಲ್ಲ. ಆದರೂ ಬಸ್ ನಿಲ್ದಾಣದಲ್ಲಿ ಈ ಹೆಸರುಗಳನ್ನು ಕೂಗುವವರ ಬಾಯಲ್ಲಿ ಅದು ತಾಳ ತಪ್ಪದೆ ಬರುವುದನ್ನು ಈ ಭಾಗದ ನೀವು ಕೇಳಿಯೇ ಇರುತ್ತೀರಿ.

ಈ ಲೆಕ್ಕ ನನಗೆ ತೋರಿದ್ದು ಕಳೆದ ವರ್ಷ, ನಗೆ ಮತ್ತು ಹಾಡು ಕುರಿತ ನಮ್ಮ ಚರ್ಚಾ ಕಾರ್ಯಕ್ರಮಕ್ಕೆ ವಿದ್ಯಾರ್ಥಿಗಳನ್ನು ಹುಡುಕುತ್ತ ಈ ಮೂರೂ ಊರು ಸುತ್ತಿದಾಗ. ಒಂದು ಕಾಲೇಜಿನಲ್ಲಿ (ಯಾವುದೆಂದು ಬೇಡ) ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗನೊಬ್ಬ ತನ್ನ ಮೊಬೈಲನ್ನು ನನ್ನ ಕೈಗಿಟ್ಟ. ಒಂದು ನಿಮಿಷದ ಅಣಕು ರ‍್ಯಾಪ್. ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗಿ ಪ್ರಯಾಣಿಕರನ್ನು ಹತ್ತಿಸುವ ಒಬ್ಬ ಹಿರಿಯರ ಧಾಟಿಯನ್ನೇ ಹಿಡಿದು, ಅವರ ಮಾತಿನ ತೊದಲನ್ನೂ ಸೇರಿಸಿ, ಕೆಳಗೆ ಒಂದು ಪ್ರಸಿದ್ಧ ಸಿನಿಮಾ ಹಾಡಿನ ವಾದ್ಯ ಕೂರಿಸಿದ್ದ. ನೋಡಿದವರ ಸಂಖ್ಯೆ ಲಕ್ಷ ದಾಟಿತ್ತು. ನಾನು ನಕ್ಕೆ, ಸುಳ್ಳು ಹೇಳಬಾರದು, ಹೊಟ್ಟೆ ಹಿಡಿದು ನಕ್ಕೆ. ಹುಡುಗ ಮಾತ್ರ ನಗಲಿಲ್ಲ. “ಸಾರ್, ಡಿಗ್ರಿ ಬಿಟ್ಟು ಇದನ್ನೇ ಮಾಡಿದ್ರೆ ಹೇಗೆ?” ಎಂದ.

ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ. ನಾನೂ ಓದಿದ್ದು ವಿಜ್ಞಾನ, ಬಂದು ಸೇರಿದ್ದು ಕ್ಯಾಮರಾ ಹಿಂದೆ. ಆದ್ದರಿಂದ ‘ಮೊದಲು ಓದು ಮುಗಿಸಪ್ಪ’ ಎಂದು ಒಂದೇ ಮಾತಿನಲ್ಲಿ ಕೈ ತೊಳೆದುಕೊಳ್ಳುವ ಧೈರ್ಯ ನನಗಿಲ್ಲ.

ಮೊದಲಿಗೆ ರ‍್ಯಾಪ್ ಎಂದರೇನು ಎಂದು ತಿಳಿಯೋಣ. ಅದು ಹಾಡಲ್ಲ, ಭಾಷಣವೂ ಅಲ್ಲ. ತಾಳಕ್ಕೆ ಕಟ್ಟಿದ ಮಾತು. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಬಡಾವಣೆಯ ಕರಿಯ ತರುಣರ ನಡುವೆ 1970ರ ದಶಕದಲ್ಲಿ ಹುಟ್ಟಿತು. ಹಳೆಯ ಗಾನತಟ್ಟೆಗಳಿಂದ ತಾಳದ ತುಣುಕನ್ನು ಮತ್ತೆ ಮತ್ತೆ ನುಡಿಸಿ, ಅದರ ಮೇಲೆ ತಮ್ಮ ಮಾತನ್ನು ಹೇಳುವುದು ಅವರ ಪದ್ಧತಿ. 1979ರಲ್ಲಿ ಪ್ರಪಂಚಕ್ಕೆ ರ‍್ಯಾಪನ್ನು ಪರಿಚಯಿಸಿದ ‘ರ‍್ಯಾಪರ್ಸ್ ಡಿಲೈಟ್’ ನಿಂತಿದ್ದೂ ‘ಶಿಕ್’ ಎಂಬ ಬೇರೊಂದು ತಂಡದ ಹಾಡಿನ ವಾದ್ಯದ ಮೇಲೆಯೇ. ಅಂದರೆ ಎರವಲು ಎಂಬುದು ರ‍್ಯಾಪಿನ ಹುಟ್ಟುಗುಣ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಿಮಿಷಕ್ಕೆ 90 ಪೆಟ್ಟಿನ ತಾಳ ಎಂದುಕೊಳ್ಳಿ. 16 ಮನೆಗಳ ಒಂದು ಆವರ್ತ ಮುಗಿಯಲು ಹಿಡಿಯುವ ಕಾಲ ಸುಮಾರು 2.7 ಸೆಕೆಂಡು. ಸೆಕೆಂಡಿಗೆ ಆರು ಮನೆಗಳು. ಈ ವೇಗದಲ್ಲಿ ಗ್ರಾಂಥಿಕ ಕನ್ನಡ ಕುಂಟುತ್ತದೆ. ‘ಹೋಗಬೇಕಾಗಿತ್ತು’ ಎಂದರೆ ಆರು ಅಕ್ಷರ; ಮನೆಯಲ್ಲಿ ನಾವು ಆಡುವ ‘ಹೋಗ್ಬೇಕಿತ್ತು’ ನಾಲ್ಕೇ ಅಕ್ಷರ. ಕನ್ನಡದ ಪದಗಳು ಪ್ರತ್ಯಯ ಹತ್ತಿಸಿಕೊಂಡು ರೈಲಿನಂತೆ ಉದ್ದವಾಗುತ್ತವೆ. ಆಡುಮಾತು ನಡುವಿನ ಸ್ವರಗಳನ್ನು ಬೀಳಿಸಿ ಬೋಗಿಗಳನ್ನು ಕಡಿಮೆ ಮಾಡುತ್ತದೆ. ಆದುದರಿಂದಲೇ ಕನ್ನಡ ರ‍್ಯಾಪ್ ಆಡುಮಾತಿನಲ್ಲಿ ಮಾತ್ರ ಬದುಕಬಲ್ಲದು. ಬೇಕಾದರೆ ನಿಮ್ಮ ಪಠ್ಯಪುಸ್ತಕದ ಒಂದು ಪ್ಯಾರಾವನ್ನು ತಾಳಕ್ಕೆ ಹೇಳಿ ನೋಡಿ, ನಗು ತಾನಾಗಿ ಬರುತ್ತದೆ.

ತಾಳಕ್ಕೆ ಮಾತು ಕಟ್ಟುವುದು ನಿಮ್ಮ ಸೀಮೆಗೆ ಹೊಸದೇನಲ್ಲ. ವೀರಗಾಸೆಯವರು ಬಂದಾಗ ಕುಣಿತ ನಿಂತು, ದಕ್ಷಯಜ್ಞದ ಕಥೆಯ ಒಡಪು ಏರುದನಿಯಲ್ಲಿ ಬರುತ್ತದೆ. ಮಾತು ಮುಗಿಯುವುದೇ ತಡ ಸಮಾಳ ಕರಡೆಗಳು ಎತ್ತಿಕೊಳ್ಳುತ್ತವೆ. ಅದನ್ನು ರ‍್ಯಾಪ್ ಎಂದು ಕರೆಯಲು ನಾನು ಒಪ್ಪೆ, ಅದರ ಉದ್ದೇಶವೇ ಬೇರೆ, ಅಲ್ಲಿ ಭಕ್ತಿಯಿದೆ. ಆದರೆ ಮಾತು ಎಲ್ಲಿ ನಿಲ್ಲಬೇಕು, ವಾದ್ಯ ಎಲ್ಲಿ ಹಿಡಿಯಬೇಕು ಎಂಬ ಕಿವಿಯ ಶಿಕ್ಷಣ ಎರಡಕ್ಕೂ ಒಂದೇ. ತರೀಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ಆ ನಾಲಗೆ ತಿರುಚಿನ ಮಾತನ್ನು ಚಿಕ್ಕಂದಿನಲ್ಲಿ ಪಂಥ ಕಟ್ಟಿ ಹೇಳಿದವರಿಗೆ ರ‍್ಯಾಪಿನ ಮೊದಲ ಪಾಠ ಆಗಲೇ ಆಗಿಹೋಗಿದೆ.

ಪ್ರಾಸದ ವಿಷಯದಲ್ಲಿ ಮಾತ್ರ ನಾವು ಹಳೆಯ ದಾರಿ ಬಿಟ್ಟು ಬಂದಿದ್ದೇವೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದ, 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನವನ್ನು ರಚಿಸಿದವನು ಮುಂದೆ ‘ಯಶೋಧರ ಚರಿತೆ’ ಬರೆದ ಜನ್ನ. ಅವನ ಕಾಲದ ಕವಿಗಳಿಗೆ ಪ್ರಾಸವೆಂದರೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಕೂರಬೇಕಾದದ್ದು. ರ‍್ಯಾಪಿಗೆ ಬೇಕಾದದ್ದು ಸಾಲಿನ ಕೊನೆಯ ಪ್ರಾಸ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಬಿಟ್ಟಿ ಸಿಗುತ್ತದೆ: ಹೋಗ್ತೀನಿ, ನೋಡ್ತೀನಿ, ಕೇಳ್ತೀನಿ. ಬಿಟ್ಟಿ ಸಿಕ್ಕಿದ್ದು ಬೇಗ ಬೇಸರ ತರಿಸುತ್ತದೆ ಎಂಬುದೂ ನಿಜ; ಹುಡುಗರು ಕಳುಹಿಸುವ ಹತ್ತು ರ‍್ಯಾಪುಗಳಲ್ಲಿ ಎಂಟು ಈ ‘ತೀನಿ’ಗಳಲ್ಲೇ ಮುಗಿಯುತ್ತವೆ.

ಈ ಬಿಟ್ಟಿ ಪ್ರಾಸವನ್ನೇ ಜಾಣತನದಿಂದ ದುಡಿಸಿಕೊಂಡ ಉದಾಹರಣೆಯೊಂದು ನಿಮಗೆಲ್ಲ ಗೊತ್ತು. 2023ರ ಕೊನೆಯಲ್ಲಿ ನಾಡಿನ ಮೂಲೆಮೂಲೆಗೂ ಹರಡಿದ ‘ನಾನು ನಂದಿನಿ’. ಅಂತರಜಾಲದಲ್ಲಿ ‘ವಿಕ್ಕಿಪೀಡಿಯಾ’ ಎಂದು ಹೆಸರಾದ ವಿಕಾಸ್ ಎಂಬ ಹಾಸ್ಯ ಕಲಾವಿದರು ತಮ್ಮ ಗೆಳೆಯರೊಂದಿಗೆ ಮಾಡಿದ ಅಣಕವಾಡು ಅದು. ಬೆಂಗಳೂರಿಗೆ ಬಂದು, ಪಿ.ಜಿ.ಯಲ್ಲಿ ಇದ್ದುಕೊಂಡು ದಿನ ದೂಡುವ ಹುಡುಗಿಯ ಪಾತ್ರ. ಆ ಪಾತ್ರವನ್ನು ವಹಿಸಿದ್ದು ಗಂಡಸು, ಕಂಪನಿ ನಾಟಕಗಳ ಕಾಲದಂತೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಪೂರ್ತಿ ರ‍್ಯಾಪ್ ಅಲ್ಲ. ಮಾತಿಗೂ ಹಾಡಿಗೂ ನಡುವೆ ನಿಲ್ಲುವಂಥದ್ದು. ಹೆಸರಿನ ಆಯ್ಕೆಯನ್ನು ಗಮನಿಸಿ. ‘ನಂದಿನಿ’ಯ ಕೊನೆಯ ಅಕ್ಷರ ‘ನಿ’. ಆಡುಗನ್ನಡದಲ್ಲಿ ‘ನಾನು’ ಎಂದು ಶುರುವಾದ ವಾಕ್ಯದ ಕ್ರಿಯಾಪದ ಬಹುಮಟ್ಟಿಗೆ ‘ನಿ’ಯಲ್ಲೇ ಮುಗಿಯುತ್ತದೆ. ಎಂದರೆ ಆ ಹುಡುಗಿ ತನ್ನ ಬಗ್ಗೆ ಏನು ಹೇಳಿಕೊಂಡರೂ ಅದು ಅವಳ ಹೆಸರಿಗೆ ಪ್ರಾಸವಾಗುತ್ತದೆ! ಸಾವಿತ್ರಿ ಎಂದೋ ಗೀತಾ ಎಂದೋ ಇಟ್ಟಿದ್ದರೆ ಈ ಯಂತ್ರ ಓಡುತ್ತಿರಲಿಲ್ಲ.

ಅದರ ಧಾಟಿ ಎಲ್ಲಿಯದು? ಡೆನ್ಮಾರ್ಕಿನಲ್ಲಿ ನೆಲೆಸಿದ್ದ ‘ಅಕ್ವಾ’ ಎಂಬ ತಂಡ 1997ರಲ್ಲಿ ಹಾಡಿದ ‘ಬಾರ್ಬಿ ಗರ್ಲ್’. ತಮಾಷೆಯೆಂದರೆ ಆ ಮೂಲವೇ ಒಂದು ಅಣಕ. ಬಾರ್ಬಿ ಎಂಬ ಗೊಂಬೆಯನ್ನೂ ಅದು ಪ್ರತಿನಿಧಿಸುವ ಥಳಕಿನ ಬದುಕನ್ನೂ ಗೇಲಿ ಮಾಡಿದ ಹಾಡು. ಗೊಂಬೆ ತಯಾರಿಸುವ ಮ್ಯಾಟೆಲ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದು ಅಣಕವೇ ಹೌದೆಂದು ಹೇಳಿ ಕಂಪನಿಯ ವಾದವನ್ನು ತಳ್ಳಿಹಾಕಿತು. 2009ರ ಹೊತ್ತಿಗೆ ಅದೇ ಕಂಪನಿ ಅದೇ ಧಾಟಿಗೆ ಬೇರೆ ಮಾತು ಹಾಕಿ ತನ್ನ ಜಾಹೀರಾತಿಗೆ ಬಳಸಿಕೊಂಡಿತು. 2023ರ ಜುಲೈನಲ್ಲಿ ಬಾರ್ಬಿ ಚಲನಚಿತ್ರ ಬಂದಾಗ ಇಬ್ಬರು ರ‍್ಯಾಪ್ ಗಾಯಕಿಯರು ಅದರ ತುಣುಕನ್ನು ಹೊಸ ಹಾಡಿಗೆ ಸೇರಿಸಿದರು. ಹೀಗೆ ಪ್ರಪಂಚದ ಕಿವಿಯಲ್ಲಿ ಆ ಧಾಟಿ ಮತ್ತೆ ಗುನುಗುತ್ತಿದ್ದ ಸಮಯಕ್ಕೇ ನಮ್ಮ ನಂದಿನಿ ಬಂದಳು. ಅಮೆರಿಕದ ಪ್ಲಾಸ್ಟಿಕ್ ಗೊಂಬೆಗೆ ಎಲ್ಲವೂ ಇದೆ, ಪಿ.ಜಿ.ಯ ಹುಡುಗಿಗೆ ಊಟದ ಚಿಂತೆ. ಕೇಳುವವರಿಗೆ ಎರಡೂ ಚಿತ್ರ ಒಟ್ಟಿಗೆ ಕಾಣುವುದರಿಂದ ನಗು ಬರುತ್ತದೆ. ಧಾಟಿ ಮೊದಲೇ ಗೊತ್ತಿರುವುದರಿಂದ ಕಿವಿ ಅದನ್ನು ಕಲಿಯುವ ಕಷ್ಟಪಡಬೇಕಾಗಿಲ್ಲ, ಗಮನವೆಲ್ಲ ಮಾತಿನ ಮೇಲೆ. ಅಣಕ ಅಷ್ಟು ಬೇಗ ಹರಡುವುದಕ್ಕೆ ಇದೇ ಮುಖ್ಯ ಕಾರಣ.

ಇದೆಲ್ಲ ಮೊಬೈಲ್ ಬಂದ ಮೇಲೆ ಹುಟ್ಟಿದ್ದು ಎಂದು ನೀವು ತಿಳಿದಿದ್ದರೆ ನಿಮಗೆ ಒಬ್ಬರನ್ನು ಪರಿಚಯಿಸಬೇಕು. ಅವರೂ ವಿಜ್ಞಾನದ ವಿದ್ಯಾರ್ಥಿಯೇ. 1884ರಲ್ಲಿ ಜನಿಸಿದ ಟಿ.ಪಿ. ಕೈಲಾಸಂ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಭೂವಿಜ್ಞಾನ ಕಲಿಯಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. ಅಲ್ಲಿ ಕಲ್ಲುಗಳನ್ನು ಎಷ್ಟು ನೋಡಿದರೋ ಅಷ್ಟೇ ನಾಟಕಗಳನ್ನೂ, ನಗೆಹಾಡುಗಳ ರಂಗಮಂದಿರಗಳನ್ನೂ ನೋಡಿದರು. ಊರಿಗೆ ಮರಳಿ ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲವು ವರ್ಷ ದುಡಿದು, ಕೆಲಸ ಬಿಟ್ಟು ರಂಗಭೂಮಿಗೆ ಬಂದರು. (ನಮ್ಮ ಹುಡುಗ ಇಲ್ಲಿ ಕಣ್ಣರಳಿಸಿದ. ಕೈಲಾಸಂ ಬಿಟ್ಟದ್ದು ಕೆಲಸವನ್ನು, ಡಿಗ್ರಿಯನ್ನಲ್ಲ ಎಂದು ನಾನು ನೆನಪಿಸಬೇಕಾಯಿತು.)

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿ ಮೊಳಗುತ್ತಿದ್ದ ಟಿಪ್ಪರೆರಿ ಹಾಡು 1912ರದು. ದೂರದ ಐರ್ಲೆಂಡಿನ ತನ್ನ ಊರನ್ನು ನೆನೆಯುವ ಹಾಡು. ಕೈಲಾಸಂ ಆ ಧಾಟಿಯನ್ನು ಎತ್ತಿಕೊಂಡು ಟಿಪ್ಪರೆರಿಯನ್ನು ‘ತಿಪ್ಪಾರಳ್ಳಿ’ ಮಾಡಿದರು. ಶಬ್ದ ಹತ್ತಿರದ್ದು, ಭಾವ ಕನ್ನಡದ್ದು. ಊರು ಬಿಟ್ಟು ಬೆಂಗಳೂರು ಸೇರಿದ ಯಾರಿಗೂ ತಮ್ಮದೊಂದು ತಿಪ್ಪಾರಳ್ಳಿ ಇದ್ದೇ ಇರುತ್ತದೆ.

ಇನ್ನೊಂದು ‘ಕೋಳೀಕೆ ರಂಗ’. ಅದರ ಮೂಲ ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದನೆಯ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಇಂಗ್ಲಿಷ್ ನಗೆಹಾಡು. ಇಂಗ್ಲಿಷಿನಲ್ಲಿ ಅದು ಸುಲಭ, ಪ್ರತಿ ಅಕ್ಷರಕ್ಕೂ ಒಂದು ಹೆಸರಿದೆ. ಕನ್ನಡದಲ್ಲಿ ಅಕ್ಷರವೆಂದರೆ ವ್ಯಂಜನ, ಸ್ವರ ಎರಡೂ ಕೂಡಿದ ಗುಣಿತ. ‘ಸ್ಪೆಲ್ಲಿಂಗ್’ ಎಂಬುದೇ ನಮ್ಮಲ್ಲಿಲ್ಲ. ಇಲ್ಲದ್ದನ್ನು ಹೇಗೆ ಅನುವಾದಿಸುವುದು? ಕೈಲಾಸಂ ಅನುವಾದಿಸಲಿಲ್ಲ. ಹಳ್ಳಿಯ ರಂಗನೊಬ್ಬನನ್ನು ಸೃಷ್ಟಿಸಿ, ಅವನು ತನ್ನ ಹೆಸರನ್ನು ತಾನೇ ಕೂಲಿಮಠದ ಹುಡುಗನ ಗತ್ತಿನಲ್ಲಿ ಬಿಡಿಸಿ ಬಿಡಿಸಿ ಹೇಳುವಂತೆ ಮಾಡಿದರು. ತಾಳಕ್ಕೆ ಬಿದ್ದ ಬಿಡಿ ಅಕ್ಷರಗಳು, ವೇಗವಾದ ಮಾತು, ‘ನಾನು ಯಾರು ಗೊತ್ತೇ’ ಎಂಬ ಬಡಾಯಿ: ಇವತ್ತಿನ ರ‍್ಯಾಪಿನ ಲಕ್ಷಣಗಳೆಲ್ಲ ಅಲ್ಲಿವೆ. ಆ ಹಾಡು ಹರಡಿದ ರೀತಿಯೂ ಅಷ್ಟೇ ಸೋಜಿಗದ್ದು. ಆಗ ಮೊಬೈಲಿರಲಿ, ಹಳ್ಳಿಗಳಲ್ಲಿ ವಿದ್ಯುತ್ತೂ ಇರಲಿಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ, ಹಾಸ್ಟೆಲುಗಳಲ್ಲಿ, ಪ್ರವಾಸದ ಬಸ್ಸುಗಳಲ್ಲಿ ಬಾಯಿಂದ ಬಾಯಿಗೆ ಹೋಯಿತು. ನನ್ನ ತಾಯಿ ಅದನ್ನು ಅಡುಗೆಮನೆಯಲ್ಲಿ ಹೇಳುತ್ತಿದ್ದರು. ಕಾನ್‌ಸ್ಟಾಂಟಿನೋಪಲ್ ಎಂಬ ಹಾಡೊಂದಿತ್ತು ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಮೂಲ ಮರೆತುಹೋಗಿದೆ, ರಂಗ ಉಳಿದಿದ್ದಾನೆ.

ಏಕೆ ಉಳಿದ? ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಎರವಲು ಧಾಟಿ ಹಾಡನ್ನು ಓಡಿಸುತ್ತದೆ, ಆದರೆ ಅದನ್ನು ನಿಲ್ಲಿಸಿ ಮನೆ ಮಾಡಿಸುವುದು ಪಾತ್ರ. ರಂಗ ದಡ್ಡನಂತೆ ಕಂಡರೂ ಅವನಿಗೆ ಮಾನವಿದೆ, ಮಾತಿದೆ. ನಗುವಾಗ ನಾವು ಅವನ ಜೊತೆಯಲ್ಲೇ ಇರುತ್ತೇವೆ. ನಂದಿನಿಯೂ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾಳೆ ಎಂಬುದನ್ನು ಗಮನಿಸಿ. ಪಿ.ಜಿ.ಯಲ್ಲಿದ್ದ ಹುಡುಗಿಯರೇ ಅದನ್ನು ಹೆಚ್ಚು ಹಾಡಿಕೊಂಡದ್ದನ್ನು ನಾನು ಕಂಡಿದ್ದೇನೆ.

ಕೈಲಾಸಂ ಅಣಕದ ಹಾಡುಗಳಲ್ಲೇ ನಿಂತುಬಿಡಲಿಲ್ಲ. ಅದೇ ಆಡುಮಾತಿನ ಕಿವಿಯನ್ನು ನಾಟಕಕ್ಕೆ ತಂದರು. ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯ ಶೂರ ಪುಟ್ಟುವಿನ ಎದುರು ಓದಿನಲ್ಲಿ ಹಿಂದುಳಿದ, ಕಷ್ಟಕ್ಕಾಗುವ ಮಾಧುವನ್ನು ನಿಲ್ಲಿಸಿದರು. ‘ಹೋಂ ರೂಲು’, ‘ಬಂಡ್ವಾಳ್ವಿಲ್ಲದ ಬಡಾಯಿ’, ‘ಪೋಲಿ ಕಿಟ್ಟಿ’ ಮುಂತಾದವು ಬಂದವು. ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡವನ್ನು ರಂಗದ ಮೇಲೆ ಆಡಿಸಿದಾಗ ಪಂಡಿತರು ಹುಬ್ಬು ಗಂಟಿಕ್ಕಿದ್ದೂ ಉಂಟು. ಕೂತು ಬರೆದದ್ದಕ್ಕಿಂತ ಹೇಳಿ ಬರೆಸಿದ್ದೇ ಹೆಚ್ಚು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ ತೀರಿಕೊಂಡರು. ಕೀರ್ತಿ ಬಂತು, ಹಣ ಬರಲಿಲ್ಲ. ಅವರ ಕೊನೆಯ ವರ್ಷಗಳು ಅನುಕೂಲದವಾಗಿರಲಿಲ್ಲ. ಇದನ್ನು ಹೇಳದೆ ಬಿಟ್ಟರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಇನ್ನು ಹಣದ ಮಾತು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರಿರಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಅಥವಾ ಚಿಕ್ಕ ವಿಡಿಯೋಗಳಾದರೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ. ಹುಡುಗನ ಒಂದು ಲಕ್ಷ ಇದರ ನೂರರಲ್ಲಿ ಒಂದು ಪಾಲು. ಅವನು ಸಿನಿಮಾ ಹಾಡಿನ ಮೂಲ ವಾದ್ಯವನ್ನೇ ಕೆಳಗೆ ಹಾಕಿದ್ದನಲ್ಲ, ಅಲ್ಲಿ ಇನ್ನೊಂದು ತೊಡಕು. ಯೂಟ್ಯೂಬಿನ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆ 2007ರಿಂದ ಇದೆ. ಬೆರಳಚ್ಚಿನಂತೆ ಪ್ರತಿ ಧ್ವನಿಮುದ್ರಿಕೆಗೂ ಒಂದು ಗುರುತು ಮಾಡಿಟ್ಟುಕೊಂಡು, ಹೊಸದಾಗಿ ಬಂದ ವಿಡಿಯೋದ ಧ್ವನಿಯನ್ನು ಅದರೊಂದಿಗೆ ಹೋಲಿಸುತ್ತದೆ. ಹೊಂದಿಕೆಯಾದರೆ ಹಾಡಿನ ಮಾಲೀಕರು ವಿಡಿಯೋವನ್ನು ತಡೆಯಬಹುದು, ಇಲ್ಲವೇ ಅದರ ಜಾಹೀರಾತಿನ ಆದಾಯವನ್ನು ತಾವು ಪಡೆಯಬಹುದು. ಎಂದರೆ ನಗಿಸಿದವರು ನೀವು, ಹಣ ಹೋಗುವುದು ಧಾಟಿಯ ಒಡೆಯನಿಗೆ.

ಕಾನೂನು ಏನು ಹೇಳುತ್ತದೆ? ಅಮೆರಿಕದಲ್ಲಿ ‘ಟೂ ಲೈವ್ ಕ್ರೂ’ ಎಂಬ ರ‍್ಯಾಪ್ ತಂಡ ರಾಯ್ ಆರ್ಬಿಸನ್ನರ ‘ಓ ಪ್ರೆಟಿ ವುಮನ್’ ಹಾಡನ್ನು ಅಣಕಿಸಿ ಮೊಕದ್ದಮೆಗೆ ಸಿಕ್ಕಿತು. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹಣಕ್ಕಾಗಿ ಮಾಡಿದ ಅಣಕವೂ ನ್ಯಾಯಯುತ ಬಳಕೆ ಆಗಬಹುದು ಎಂದಿತು. ಆದರೆ ಒಂದು ಸೂಕ್ಷ್ಮ ಭೇದ ಮಾಡಿತು. ಮೂಲವನ್ನೇ ಗೇಲಿ ಮಾಡಲು ಮೂಲವನ್ನು ಬಳಸುವುದು ಬೇರೆ. ಮೂಲವನ್ನು ಬಾಡಿಗೆ ಗಾಡಿ ಮಾಡಿಕೊಂಡು ಮತ್ತೇನನ್ನೋ ಗೇಲಿ ಮಾಡುವುದು ಬೇರೆ. ಎರಡನೆಯದಕ್ಕೆ ರಕ್ಷಣೆ ಕಡಿಮೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿಯಲ್ಲಿ ಅಣಕ ಎಂಬ ಮಾತೇ ಇಲ್ಲ. ವಿಮರ್ಶೆಗಾಗಿ ನ್ಯಾಯಯುತ ಬಳಕೆ ಎಂದಿದೆ. 1996ರಲ್ಲಿ ಕೇರಳ ಹೈಕೋರ್ಟ್ ತೋಪ್ಪಿಲ್ ಭಾಸಿಯವರ ಪ್ರಸಿದ್ಧ ನಾಟಕಕ್ಕೆ ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕದ ವಿಷಯದಲ್ಲಿ, ಎಷ್ಟು ಎತ್ತಿಕೊಂಡರು, ಏಕೆ ಎತ್ತಿಕೊಂಡರು, ಮೂಲದ ಗಿರಾಕಿಗಳನ್ನು ಕಸಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಿತು. ನೀವೂ ಕೇಳಿಕೊಳ್ಳಬಹುದಾದ ಪ್ರಶ್ನೆಗಳು.

ಅಣಕವನ್ನೇ ಜೀವಮಾನದ ವೃತ್ತಿ ಮಾಡಿಕೊಂಡವರು ಪ್ರಪಂಚದಲ್ಲಿ ಬಹಳ ಮಂದಿ ಇಲ್ಲ. ಅಮೆರಿಕದ ‘ವಿಯರ್ಡ್ ಆಲ್’ ಯಾಂಕೊವಿಕ್ ಅವರಲ್ಲಿ ಮೊದಲಿಗರು. ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದಾಗ, 1979ರಲ್ಲಿ, ಪ್ರತಿಧ್ವನಿ ಚೆನ್ನಾಗಿ ಬರುತ್ತದೆಂದು ಕಾಲೇಜು ರೇಡಿಯೋ ಕೇಂದ್ರದ ಎದುರಿನ ಶೌಚಾಲಯದಲ್ಲಿ ಅಕಾರ್ಡಿಯನ್ ಹಿಡಿದು ತಮ್ಮ ಮೊದಲ ಅಣಕು ಹಾಡನ್ನು ಮುದ್ರಿಸಿದರು. ಪದವಿ ಮುಗಿಸಿಯೇ ಹಾಡಿಗೆ ಬಂದರು. ಅಮೆರಿಕದ ಜನಪ್ರಿಯ ಹಾಡುಗಳ ಮೊದಲ ಹತ್ತರಲ್ಲಿ ಅವರಿಗೆ ಸ್ಥಾನ ಸಿಕ್ಕಿದ್ದು 2006ರಲ್ಲಿ, ‘ವೈಟ್ ಅಂಡ್ ನರ್ಡಿ’ ಎಂಬ ಅಣಕು ರ‍್ಯಾಪಿಗೆ. 27 ವರ್ಷ ಕಾಯಬೇಕಾಯಿತು ಎಂದಾಯಿತು. ಆ ರ‍್ಯಾಪಿನಲ್ಲಿ ಗೇಲಿಗೆ ಒಳಗಾಗುವವನು ಪುಸ್ತಕದ ಹುಳುವಾದ ಹುಡುಗ, ಅಂದರೆ ಬಹುಮಟ್ಟಿಗೆ ಅವರೇ. ಕಾನೂನಿಗೆ ಬೇಡದಿದ್ದರೂ ಮೂಲ ಗಾಯಕರ ಅನುಮತಿ ಕೇಳುವುದು ಅವರ ಪದ್ಧತಿ. 1996ರಲ್ಲಿ ಕೂಲಿಯೋ ಎಂಬ ರ‍್ಯಾಪ್ ಗಾಯಕರ ಹಾಡಿನ ಅಣಕ ಮಾಡಿದಾಗ, ಒಪ್ಪಿಗೆ ಸಿಕ್ಕಿದೆ ಎಂದು ಕಂಪನಿಯವರು ಹೇಳಿದ್ದನ್ನು ನಂಬಿದ್ದರು. ಕೂಲಿಯೋ ತಾನು ಒಪ್ಪಿಯೇ ಇರಲಿಲ್ಲ ಎಂದರು. ಯಾಂಕೊವಿಕ್ ಕ್ಷಮೆ ಕೋರಿ ಪತ್ರ ಬರೆದರು. ವರ್ಷಗಳ ಮೇಲೆ ಇಬ್ಬರೂ ರಾಜಿಯಾದರು.

ಒಂದೇ ರಾತ್ರಿಯ ಕೀರ್ತಿ ಎನ್ನುವುದೂ ಅಷ್ಟು ನಿಜವಲ್ಲ. 2012ರಲ್ಲಿ ‘ಗಂಗ್ನಮ್ ಸ್ಟೈಲ್’ ಎಂಬ ಗೇಲಿಯ ರ‍್ಯಾಪಿನಿಂದ ಲೋಕವನ್ನು ಕುಣಿಸಿದ ಕೊರಿಯಾದ ‘ಸೈ’ ತಮ್ಮ ಮೊದಲ ಸಂಪುಟ ತಂದದ್ದು 2001ರಲ್ಲಿ. ಕೀರ್ತಿ ಒಂದೇ ರಾತ್ರಿಯಲ್ಲಿ ಹೋಗುವುದಂತೂ ಸಾಧ್ಯ: 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ನಮ್ಮ ಹಳ್ಳಿಗಳ ಎಷ್ಟೋ ನಗೆಗಾರರ ಪ್ರೇಕ್ಷಕರೆಲ್ಲ ಬೆಳಗಾಗುವುದರೊಳಗೆ ಇಲ್ಲವಾದರು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಓದು ಬಿಡಬೇಡ, ಬರೆಯುವುದನ್ನೂ ಬಿಡಬೇಡ, ವಾದ್ಯ ನಿನ್ನದೇ ಮಾಡಿಕೊ ಎಂದೆ. ಅವನ ಕಿವಿ ನಿಜಕ್ಕೂ ಚುರುಕು, ಅದರಲ್ಲಿ ಸಂದೇಹವಿರಲಿಲ್ಲ. ಅವನ ತುಣುಕನ್ನೇ ಕಾರ್ಯಕ್ರಮದ ಆರಂಭಕ್ಕೆ ಆಯ್ಕೆ ಮಾಡಿ, ಹಿನ್ನೆಲೆಯ ದೃಶ್ಯಗಳಿಗೆಂದು ಕ್ಯಾಮರಾ ಸಮೇತ ಬಸ್ ನಿಲ್ದಾಣಕ್ಕೆ ಹೋದೆವು. ಹಿರಿಯರು ಅಲ್ಲಿದ್ದರು, ಕಲ್ಲು ಬೆಂಚಿನ ಮೇಲೆ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು, ಅವರು ಕೂಗುತ್ತಿರಲಿಲ್ಲ. ಕ್ಯಾಮರಾ ಕಂಡೊಡನೆ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಎಳೆದುಕೊಂಡರು. ಎರಡು ತಿಂಗಳಿನಿಂದ ಅವರು ಬಾಯಿ ತೆರೆದರೆ ಸಾಕು, ಕಾಲೇಜು ಹುಡುಗರು ಮೊಬೈಲ್ ಹಿಡಿದು ಮುಖದ ಹತ್ತಿರ ಬರುತ್ತಿದ್ದರಂತೆ. “ತೊದಲು ಸರಿಯಾಗಿ ಬರಲಿಲ್ಲ, ಇನ್ನೊಂದ್ಸಲ” ಎನ್ನುತ್ತಿದ್ದರಂತೆ. ಬಸ್ಸಿನವರು ಕೊಡುತ್ತಿದ್ದ ದಿನದ ಕಾಸೂ ನಿಂತಿತ್ತು. ಇದನ್ನೆಲ್ಲ ಹೇಳಿದವರು ಪಕ್ಕದ ಹಣ್ಣಿನಂಗಡಿಯಾಕೆ. ಇಪ್ಪತ್ತು ವರ್ಷಗಳಿಂದ ಈ ಕೆಲಸದಲ್ಲಿರುವ ನನಗೆ, ಆ ತುಣುಕಿನಲ್ಲಿ ನಿಜವಾದ ಮನುಷ್ಯನೊಬ್ಬನಿದ್ದಾನೆ ಎಂಬುದು ನಗುವಾಗ ಹೊಳೆದೇ ಇರಲಿಲ್ಲ.

ತುಣುಕನ್ನು ಕಾರ್ಯಕ್ರಮದಿಂದ ತೆಗೆದೆ. ಹುಡುಗ ಮೊದಲು ಸಿಟ್ಟಾದ, ಎರಡು ದಿನ ಫೋನೆತ್ತಲಿಲ್ಲ. ಮೂರನೆಯ ದಿನ ತಾನೇ ಅದನ್ನು ಅಳಿಸಿದ. ಆದರೆ ಬೇರೆಯವರು ಇಳಿಸಿಕೊಂಡು ಹಂಚಿದ್ದು ಈಗಲೂ ಅಲ್ಲಲ್ಲಿ ಓಡಾಡುತ್ತಿದೆ, ಅದಕ್ಕೆ ಯಾವ ಉಪಾಯವೂ ನಮಗೆ ಸಿಗಲಿಲ್ಲ. ಮುಂದಿನ ವಾರ ಅವನು ಹೊಸ ರ‍್ಯಾಪ್ ಬರೆದ. ಈ ಬಾರಿ ಬೆಳಗಿನ ಲ್ಯಾಬ್ ತರಗತಿಗೆ ಹೊರಟು ತಪ್ಪು ಬಸ್ ಹತ್ತುವ ವಿದ್ಯಾರ್ಥಿ, ಅಂದರೆ ಅವನೇ. ವಾದ್ಯದ ಬದಲು ಗೆಳೆಯನೊಬ್ಬ ಡಬ್ಬಿಯ ಮೇಲೆ ಬಾರಿಸಿದ್ದ. ಹಾಡಿನ ನಡುವೆ ಮೂರು ಊರುಗಳ ಹೆಸರು ಬರುತ್ತದೆ, 15 ಮನೆ, ಒಂದು ಉಸಿರು. ಅದನ್ನು ತೆಗೆದುಕೊಂಡು ಹಿರಿಯರ ಬಳಿಗೆ ಹೋದೆವು. ಕ್ಯಾಮರಾ ಜೀಪಿನಲ್ಲೇ ಬಿಟ್ಟಿದ್ದೆವು.

ಅವರು ಪೂರ್ತಿ ಕೇಳಿದರು. ಮುಖದಲ್ಲಿ ನಗುವೂ ಇಲ್ಲ, ಕೋಪವೂ ಇಲ್ಲ. ಆಮೇಲೆ ಹುಡುಗನಿಗೆ, “ಊರಿನ ಹೆಸ್ರು ಹಂಗೆ ಒಂದಕ್ಕೊಂದು ಅಂಟಿಸ್ಬಾರ್ದು ಕಣಪ್ಪಾ. ಕಡೂರಿನ್ ಬಸ್ಸು ಆ ಕಡೆ, ತರೀಕೆರೇದು ಈ ಕಡೆ, ಅಜ್ಜಂಪುರಕ್ಕೆ ಹೋಗೋರು ರೋಡ್ ದಾಟ್ಬೇಕು. ಮಧ್ಯ ಜಾಗ ಬಿಡು, ವಯಸ್ಸಾದೋರು ಇರ್ತಾರೆ” ಎಂದರು. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು. ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಹಿರಿಯರು ಅತ್ತಿತ್ತ ನೋಡಿ, ಟವೆಲು ಸರಿಮಾಡಿಕೊಂಡು, ಎದ್ದುಹೋಗಿ ಒಂದು ಸಲ ಕೂಗಿದರು. ಹೆಸರುಗಳ ನಡುವೆ ಜಾಗವಿತ್ತು.